ಲೆಕ್ಕ ನಿಮ್ಮದಾದರೆ ಮಾತೂ ನಿಮ್ಮದೇ ಇರಲಿ

ಮನೋಳಿ ಕಡೆಯ ಹಳೇ ಮನೆಗಳನ್ನು ನೋಡಿದ್ದೀರಲ್ಲ? ಮ್ಯಾಲೆ ಮಣ್ಣಿನ ಮಾಳಿಗಿ, ಕೆಳಗೆ ಜಂತಿ, ತೊಲಿ, ಕಂಬ. ಮಳೆಗಾಲಕ್ಕೆ ಮುಂಚೆ ಇನ್ನಷ್ಟು ಮಣ್ಣು ಹಾಕಲು ಗಂಡಸರು ಹೊರಟರೆ ಮನೆಯ ಅಜ್ಜಿ ತೊಲಿ ನೋಡಿ, "ತಡೀರೋ, ಇದು ಭಾರ ತಡ್ಯಾಂಗಿಲ್ಲ" ಅಂತಿದ್ದಳು. ಅವಳ ಮಾತು ನಡೀತಿತ್ತು.

ಇಂಥ ಅಜ್ಜಿಯ ಮೊಮ್ಮಗಳು ಈಗ ಬೆಂಗಳೂರಿನ ಕನ್ಸಲ್ಟೆನ್ಸಿಯಲ್ಲಿ ಸೀನಿಯರ್ ಸ್ಟ್ರಕ್ಚರಲ್ ಎಂಜಿನಿಯರ್ ಅಂದುಕೊಳ್ಳಿ. ಕಟ್ಟಡದ ಭಾರ, ಗಾಳಿ, ಭೂಕಂಪದ ಲೆಕ್ಕವೆಲ್ಲ ಅವಳದೇ. ಆದರೆ "ಮೇಡಂ, ಸ್ಟೀಲ್ ಸ್ವಲ್ಪ ಕಮ್ಮಿ ಮಾಡ್ರಿ, ಸಂಜೆಯೊಳಗ ಡ್ರಾಯಿಂಗ್ ಬೇಕು" ಎಂದು ಕಟ್ಟಿಸುವವರು ಒತ್ತಾಯ ಮಾಡಿದರೆ ಸುಮ್ಮನಾಗುತ್ತಾಳೆ. ರಾತ್ರಿ ನಿದ್ದೆ ಇಲ್ಲ. ಫೋನಿನಲ್ಲಿ ಅವ್ವ, "ಹಂಗಾರ ಬಿಟ್ಟ ಬಾ" ಅನ್ನುತ್ತಾಳೆ.

ನೀವೂ ಇದೇ ಜಾಗದಲ್ಲಿದ್ದರೆ, ಬಿಡಬೇಡಿ. ಸುಮ್ಮನೂ ಇರಬೇಡಿ.

ಸ್ಟಾಡ್, ಈಟ್ಯಾಬ್ಸ್ ಕೊಡುವ ಬಣ್ಣಬಣ್ಣದ ಉತ್ತರ ನೋಡಲು ಚೆಂದ. ಆಧಾರವನ್ನೇ ತಪ್ಪಾಗಿ ಕೊಟ್ಟಿದ್ದರೂ ಎಷ್ಟೋ ಸಲ ಕಂಪ್ಯೂಟರ್ ತುಟಿ ಪಿಟಕ್ಕೆನ್ನದೆ ಉತ್ತರ ಕೊಡುತ್ತದೆ! ಮೇಲೆ ಹಾಕಿದ ಒಟ್ಟು ಭಾರಕ್ಕೂ ತಳಪಾಯಕ್ಕೆ ಇಳಿದ ಭಾರಕ್ಕೂ ತಾಳೆ ಆಗುತ್ತಾ ನೋಡಿ. ಒಂದೆರಡು ತೊಲೆಗಳನ್ನಾದರೂ ಪೆನ್ನು ಹಿಡಿದು ಲೆಕ್ಕ ಮಾಡಿ. ಕೈಲೆಕ್ಕ ಮಾಡಿದವಳ ದನಿ ಮೀಟಿಂಗಿನಲ್ಲಿ ನಡುಗುವುದಿಲ್ಲ.

ಸ್ಟೀಲ್ ನಿಜವಾಗಿ ಕಮ್ಮಿ ಮಾಡಲು ಬಂದರೆ ಮಾಡಿ, ಅದೂ ಜಾಣತನವೇ. ಆಗದಿದ್ದರೆ ಐ.ಎಸ್. 456 ಅಥವಾ 1893ರ ಯಾವ ನಿಯಮ ಅಡ್ಡ ಬರುತ್ತದೆಂದು ಒಂದು ಹಾಳೆಯಲ್ಲಿ ಬರೆದು, ತಾರೀಕು ಹಾಕಿ ಕಳಿಸಿ. ಬಾಯಿಮಾತು ಬೇಡ. ಅದು ಮರುದಿನ "ಮೇಡಂ ಒಪ್ಪಿದ್ರಲ್ಲ" ಎಂದಾಗುತ್ತದೆ. ಅಷ್ಟಾದರೂ ಸಹಿ ಕೇಳಿದರೆ? ಹಾಕಬೇಡಿ. ಮನೆ ಸಾಲದ ಕಂತು ಇರುವವರಿಗೆ ಇದು ಸುಲಭವಲ್ಲ, ಗೊತ್ತು. ಆದರೆ ಆ ಕಟ್ಟಡದಲ್ಲಿ ಮಲಗುವವರಿಗೂ ಮಕ್ಕಳಿರುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಜಿ. ಮಾಧವಿ ಲತಾ ಅವರು ಚೆನಾಬ್ ರೈಲ್ವೆ ಸೇತುವೆಗೆ 17 ವರ್ಷ ಸಲಹೆಗಾರರಾಗಿದ್ದರು. ಬಂಡೆಯಲ್ಲಿ ಮೊದಲು ಎಣಿಸದ ಬಿರುಕು, ಪೊಳ್ಳು ಕಂಡಂತೆಲ್ಲ ವಿನ್ಯಾಸ ಬದಲಿಸುತ್ತ ಹೋಗಬೇಕಾಯಿತು. ನದಿಯಿಂದ 359 ಮೀಟರ್ ಎತ್ತರದ ಆ ಸೇತುವೆ 2025ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಯಾರಾದರೂ "ಅಡ್ಜಸ್ಟ್ ಮಾಡ್ರಿ" ಅಂದಿದ್ದರೆ, ಇವರು ಹೂಂ ಅಂದಿದ್ದರೆ?

ಮತ್ತೆ ಅವ್ವಂದಿರೇ, ಮಗಳು ರಾತ್ರಿ ಫೋನ್ ಮಾಡಿದರೆ "ಬಿಟ್ಟ ಬಾ" ಅನ್ನುವ ಮೊದಲು "ಬರದ ಕೊಟ್ಟೀ ಏನವ್ವಾ?" ಎಂದು ಕೇಳಿ.