ಗೃಹಾರೋಗ್ಯ: ರಕ್ತದ ಕೊಬ್ಬಿನ ಪರೀಕ್ಷೆ

ನಮ್ಮ ನೆರೆಮನೆಯ ಗೃಹಸ್ಥರೊಬ್ಬರು ಕಳೆದ ವರ್ಷ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರದು ಕೃಶವಾದ ಶರೀರ, ಮಿತವಾದ ಊಟ. ರಕ್ತಪರೀಕ್ಷೆಯನ್ನು ಅವರು ಒಮ್ಮೆಯೂ ಮಾಡಿಸಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಆ ಮನೆಯಲ್ಲಿ ಅವರ ತಮ್ಮನೂ ಇಪ್ಪತ್ತು ವರ್ಷದ ಮಗನೂ ಇರುವರು. ಅಂಥವರನ್ನು ನೆನೆದು ಈ ಸಲದ ಮಾತನ್ನು ಬರೆಯುತ್ತಿದ್ದೇವೆ.

ಕೊಲೆಸ್ಟರಾಲ್ ವಿಷವಲ್ಲ, ದೇಹಕ್ಕೆ ಬೇಕಾದ ಮೇಣದಂಥ ವಸ್ತು. ಅದರ ಬಹುಭಾಗವನ್ನು ದೇಹವೇ ತಯಾರಿಸಿಕೊಳ್ಳುವುದರಿಂದ, ಮಿತಾಹಾರಿಗಳಲ್ಲಿಯೂ ಕೃಶಕಾಯರಲ್ಲಿಯೂ ಅದು ಹೆಚ್ಚಿರಬಹುದು. ಎಲ್‌ಡಿಎಲ್ ಎಂಬ ಅದರ ರೂಪವು ಮಿತಿಮೀರಿದರೆ ರಕ್ತನಾಳದ ಗೋಡೆಯಲ್ಲಿ ಸೇರಿ ದಾರಿಯನ್ನು ಕಿರಿದುಮಾಡುತ್ತದೆ. ಇದರಿಂದ ಬಹುಕಾಲ ನೋವಾಗಲಿ ಆಯಾಸವಾಗಲಿ ತೋರದು. ಪರೀಕ್ಷೆಯಿಂದಲೇ ತಿಳಿಯಬೇಕು.

ಹಾಗಾದರೆ ಯಾವಾಗ? ಮೊದಲ ಪರೀಕ್ಷೆ 18ನೆಯ ವಯಸ್ಸಿನಲ್ಲಿಯೇ ಆಗಲೆಂದು ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದವರು 2024ರಲ್ಲಿ ಸೂಚಿಸಿದ್ದಾರೆ. ತಂದೆಗೆ ಅಥವಾ ಸೋದರನಿಗೆ 55 ತುಂಬುವ ಮುನ್ನ, ತಾಯಿಗೆ ಅಥವಾ ಸೋದರಿಗೆ 65 ತುಂಬುವ ಮುನ್ನ ಹೃದ್ರೋಗ ಬಂದಿದ್ದರೆ, ಆ ಮನೆಯ ಮಕ್ಕಳ ವಿಷಯದಲ್ಲಿ ಅಷ್ಟು ಕಾಯದೆ ವೈದ್ಯರನ್ನು ಕೇಳತಕ್ಕದ್ದು.

ಎಷ್ಟು ಸಲ? ಫಲಿತಾಂಶ ಚೆನ್ನಾಗಿದ್ದು ಬೇರೆ ಅಪಾಯವಿಲ್ಲದ ತರುಣರಿಗೆ ನಾಲ್ಕೈದು ವರ್ಷಕ್ಕೊಮ್ಮೆ ಸಾಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಗೆಸೊಪ್ಪಿನ ಚಟ ಉಳ್ಳವರು ಇನ್ನೂ ಬೇಗನೆ, ವೈದ್ಯರು ಹೇಳಿದ ಅವಧಿಗೆ ಮಾಡಿಸಬೇಕು. ಔಷಧ ಆರಂಭಿಸಿದವರಿಗೆ 4ರಿಂದ 12 ವಾರಗಳೊಳಗೆ ಮರುಪರೀಕ್ಷೆ ಅವಶ್ಯಕ. ಮುಟ್ಟು ನಿಂತ ಬಳಿಕ ಸ್ತ್ರೀಯರಲ್ಲಿ ಎಲ್‌ಡಿಎಲ್ ಏರುವುದುಂಟು. ಯಜಮಾನರ ಪರೀಕ್ಷೆಯನ್ನು ಮರೆಯದ ಗೃಹಿಣಿಯರು ತಮ್ಮದನ್ನು ಮುಂದೂಡಬಾರದು.

ಮೊದಲ ಪರೀಕ್ಷೆಗೆ ಉಪವಾಸ ಸಾಮಾನ್ಯವಾಗಿ ಬೇಡ. ಟ್ರೈಗ್ಲಿಸರೈಡ್ ಬಹಳ ಹೆಚ್ಚಿದ್ದರೆ ಮಾತ್ರ ರಾತ್ರಿಯ ಊಟದ ಬಳಿಕ ಬರಿಹೊಟ್ಟೆಯಲ್ಲಿದ್ದು, ಬೆಳಗ್ಗೆ ಪುನಃ ರಕ್ತ ಕೊಡಬೇಕಾದೀತು. ಎಲ್‌ಡಿಎಲ್ ಸಾಮಾನ್ಯರಿಗೆ ಡೆಸಿಲೀಟರಿಗೆ 100 ಮಿಲಿಗ್ರಾಮಿಗಿಂತ ಕೆಳಗಿರುವುದು ಒಳ್ಳೆಯದು. ಹೃದ್ರೋಗಿಗಳಿಗೆ ಇನ್ನೂ ಕಡಿಮೆ. ಅಂಕಿಯನ್ನು ತಾರೀಖಿನೊಡನೆ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ ಏರಿಳಿತ ಕಣ್ಣಿಗೆ ಕಾಣುವುದು.

ನಮ್ಮ ಒತ್ತಾಯಕ್ಕೆ ಆ ತಮ್ಮನೂ ಮಗನೂ ಮೊನ್ನೆ ಪರೀಕ್ಷೆ ಮಾಡಿಸಿಕೊಂಡರು. ತಮ್ಮನದು ಸರಿಯಾಗಿದೆ, ಹುಡುಗನದು ಹೆಚ್ಚಾಗಿದೆ. ವೈದ್ಯರು ಚಿಕಿತ್ಸೆಯನ್ನು ಆರಂಭಿಸಿದ್ದಾರೆ. ತಾಯಿ ಮೊದಲು ಅತ್ತರು. ಬಳಿಕ, “ಈಗಲಾದರೂ ತಿಳಿಯಿತಲ್ಲ” ಎಂದರು. ವಾಚಕರಿಗೆ ನಾವು ಹೇಳಬೇಕಾದುದೂ ಅಷ್ಟೆ.