ಬಚ್ಚಲುಮನೆಯ ಕಲ್ಲಿಗೆ ಹಿಡಿಯುವ ಬಿಳಿ ಪೊರೆ

ದೀಪಾವಳಿಗೆಂದು ಧರ್ಮಪುರಿಯಲ್ಲಿರುವ ನನ್ನ ಓರಗಿತ್ತಿಯ ಮನೆಗೆ ಹೋಗಿದ್ದೆ. ಎಣ್ಣೆಸ್ನಾನಕ್ಕೆ ಬಚ್ಚಲುಮನೆಗೆ ಕಾಲಿಟ್ಟರೆ, ಗೃಹಪ್ರವೇಶದ ದಿನ ಕನ್ನಡಿಯಂತೆ ಹೊಳೆಯುತ್ತಿದ್ದ ಕರಿಯ ಕಡಪಾ ಕಲ್ಲು ಬೂದಿ ಬಳಿದಂತೆ ಮಂಕಾಗಿತ್ತು. “ಸೋಪಿನ ಕರೆ ಹೋಗಲೆಂದು ಆಸಿಡ್ ಹಾಕಿದೆ ಅಕ್ಕಾ. ಬುಸ್ಸೆಂದು ನೊರೆ ಬಂತು. ಕೊಳೆಯೆಲ್ಲ ಬಿಡುತ್ತಿದೆಯೆಂದೇ ಹಿಗ್ಗಿದೆ. ಒಣಗಿದ ಮೇಲೆ ಹೀಗಾಗಿದೆ. ಇನ್ನೊಮ್ಮೆ ಹಾಕಿದರೆ ಸರಿಹೋದೀತೆ?” ಎಂದು ಕೇಳಿದಳು. ನೊರೆಯಾಗಿ ಹರಿದುಹೋದದ್ದು ಕೊಳೆಯಲ್ಲ, ಕಲ್ಲೇ ಎಂದು ಹಬ್ಬದ ದಿನ ಅವಳಿಗೆ ಹೇಗೆ ಹೇಳಲಿ!

ಸೋದರಿಯರೆ, ಈ ಬಿಳಿ ಪೊರೆ ನಮ್ಮ ಸೋಮಾರಿತನದ ಗುರುತಲ್ಲ. ಅದು ನಮ್ಮ ನೆಲದ ನೀರಿನ ಗುಣ. ಸೇಲಂ ಬಳಿಯ ಬಿಳಿಯ ಗುಡ್ಡಗಳನ್ನು ಆಂಗ್ಲರು ಸೀಮೆಸುಣ್ಣದ ಗುಡ್ಡಗಳೆಂದು ಕರೆದರು. ಅಲ್ಲಿರುವುದು ಸೀಮೆಸುಣ್ಣವಲ್ಲ, ಮೆಗ್ನೀಸಿಯಂ ಕಾರ್ಬೊನೇಟ್ ಆದ ಮ್ಯಾಗ್ನಸೈಟ್. ಇಂತಹ ಸೀಮೆಯಲ್ಲಿ ಹಲವು ಕೊಳವೆಬಾವಿಗಳ ನೀರು ಗಡಸಾಗಿರುವುದು ಸಹಜವೇ. ಆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿದರೆ, ಹುಳಿ ಬಿದ್ದ ಹಾಲು ಒಡೆಯುವಂತೆ ಸಾಬೂನು ಒಡೆದು, ನೀರಿನಲ್ಲಿ ಕರಗದ ಜಿಡ್ಡಾಗಿ ಕಲ್ಲಿಗೆ ಅಂಟುತ್ತದೆ. ಹೀಗಾಗಿ ಮತ್ತಷ್ಟು ಸಾಬೂನು ಹಾಕಿ ಉಜ್ಜಿದರೆ ಪೊರೆ ಬೆಳೆಯುವುದೇ ಹೊರತು ಕರಗುವುದಿಲ್ಲ. ಅದರ ಮೇಲೆ ನೀರು ಬಿದ್ದರೆ ಜಾರುವುದೂ ಉಂಟು. ಮನೆಯಲ್ಲಿ ವಯಸ್ಸಾದ ಅತ್ತೆ ಮಾವಂದಿರಿದ್ದರೆ ಇದನ್ನು ಬರಿಯ ಅಂದದ ಮಾತೆಂದು ತಳ್ಳಿಹಾಕಲಾಗದು.

ಕಡಪಾ, ಶಹಾಬಾದು, ಅಮೃತಶಿಲೆ ಇವೆಲ್ಲ ಸುಣ್ಣದ ಅಂಶವುಳ್ಳ ಕಲ್ಲುಗಳು. ಆಸಿಡ್ ಮಾತ್ರವಲ್ಲ, ನಿಂಬೆ, ಹುಣಸೆ, ವಿನಿಗರ್ ಕೂಡ ಅವುಗಳನ್ನು ತಿನ್ನುತ್ತವೆ. ಹಿತ್ತಾಳೆಯ ಹಂಡೆ ಬೆಳಗುವಾಗ ಹುಣಸೆಯ ರಸ ನೆಲಕ್ಕೆ ಸುರಿಯುವುದನ್ನು ನಾವಾರೂ ಲೆಕ್ಕಿಸುವುದಿಲ್ಲ, ಲೆಕ್ಕಿಸಬೇಕು. ಕೃಷ್ಣಗಿರಿಯ ಕಡೆಯ ಗ್ರಾನೈಟ್ ಗಟ್ಟಿ, ಅದು ಹುಳಿಗೆ ಬೇಗ ಸೋಲದು. ಆದರೆ ಕಲ್ಲುಗಳ ನಡುವಣ ಸಿಮೆಂಟನ್ನು ಆಸಿಡ್ ಬಿಡದು. ನಿಮ್ಮದು ಯಾವ ಕಲ್ಲೆಂದು ತಿಳಿಯದಿದ್ದರೆ, ಬಾಗಿಲ ಹಿಂದಿನ ಕಾಣದ ಮೂಲೆಯಲ್ಲಿ ಒಂದೇ ತೊಟ್ಟು ನಿಂಬೆರಸ ಬಿಟ್ಟು ಐದು ನಿಮಿಷದ ಮೇಲೆ ಒರೆಸಿ ನೋಡಿ. ಹೊಳಪು ಮಾಸಿದರೆ ಅದು ಸುಣ್ಣದ ಜಾತಿಯ ಕಲ್ಲು.

ಇನ್ನು ಶುಚಿ ಮಾಡುವ ಬಗೆ. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಚಮಚ ಬೆರೆಸಿಕೊಳ್ಳಿ. ನಿಂಬೆಯ ಅಂಶವಿಲ್ಲದ, ಸೌಮ್ಯವಾದ ದ್ರವವಾಗಿರಲಿ. ಬಿಲ್ಲೆ ಮತ್ತು ಪುಡಿಗಳು ಬೇಡ, ಅವುಗಳಲ್ಲಿರುವ ತರಿ ಹೊಳಪನ್ನು ಕೆರೆಯುತ್ತದೆ. ಕಲ್ಲನ್ನು ಮೊದಲು ನೀರಿನಿಂದ ನೆನೆಸಿ, ಈ ದ್ರಾವಣವನ್ನು ಹರಡಿ, ಒಣಗಗೊಡದೆ ಹತ್ತು ನಿಮಿಷ ಬಿಟ್ಟು, ಒಣಗಿದ ಹೀರೆಕಾಯಿಯ ನಾರಿನಿಂದ ಮೆಲ್ಲನೆ ಉಜ್ಜಿರಿ. ಉಕ್ಕಿನ ನಾರನ್ನು ಮುಟ್ಟಲೇ ಬೇಡಿ. ಹಳೆಯ ಪೊರೆ ಒಂದೇ ದಿನಕ್ಕೆ ಹೋಗದು. ವಾರದಲ್ಲಿ ಎರಡು ಮೂರು ಬಾರಿ ಮಾಡಬೇಕಾದೀತು. ಹಟ ಹಿಡಿದ ಕಡೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಹಗುರಾಗಿ ಒರೆಸಿ, ಚೆನ್ನಾಗಿ ತೊಳೆಯಬಹುದು.

ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಆಸಿಡ್ ಹಾಕಿದ ನೆಲಕ್ಕೆ ‘ಇನ್ನಷ್ಟು ಬೆಳ್ಳಗಾಗಲಿ’ ಎಂದು ಬ್ಲೀಚಿಂಗ್ ಪೌಡರ್ ಚೆಲ್ಲುವವರುಂಟು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಯುದ್ಧಭೂಮಿಯಲ್ಲಿ ಸೈನಿಕರನ್ನು ಕೊಂದ ಅನಿಲ ಅದೇ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾಗಬಲ್ಲದು. ಕಣ್ಣು ಉರಿದು ಕೆಮ್ಮು ಬಂದರೆ ತೊಳೆಯುತ್ತ ನಿಲ್ಲದೆ ಕೂಡಲೇ ಹೊರಗೆ ಬಂದು ಬಯಲ ಗಾಳಿಯಲ್ಲಿ ನಿಲ್ಲಬೇಕು. ಉಸಿರಾಟ ಕಷ್ಟವೆನಿಸಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಪೊರೆ ಕಟ್ಟದಂತೆ ನೋಡಿಕೊಳ್ಳುವುದು ಇದಕ್ಕಿಂತ ಸುಲಭ. ಸ್ನಾನ ಮುಗಿಸಿದವರು ನಾಲ್ಕು ತಂಬಿಗೆ ನೀರು ಸುರಿದು, ಗೋಡೆ ನೆಲಗಳನ್ನು ಒಣಬಟ್ಟೆಯಿಂದ ಒರೆಸಿ ಬರಲಿ. ಗಂಡಸರೂ ಒರೆಸಲಿ, ಕೈ ಸವೆಯದು. ಮಳೆನೀರು ಹಿಡಿದಿಟ್ಟವರು ಕೊನೆಯ ತೊಳೆತಕ್ಕೆ ಅದನ್ನೇ ಬಳಸಬಹುದು. ಮಳೆನೀರು ಮೆದು, ಕರೆ ಉಳಿಸದು.

ಓರಗಿತ್ತಿಯ ಮನೆಗೆ ಪಾಲಿಷ್ ಯಂತ್ರದವರು ಬಂದು, ಎರಡು ದಿನ ಅರೆದು, ಕಲ್ಲಿಗೆ ಮತ್ತೆ ಕಪ್ಪು ತಂದುಕೊಟ್ಟರು. ಯಂತ್ರ ಹೋಗದ ಒಂದು ಮೂಲೆ ಮಾತ್ರ ಬೂದಿಬಣ್ಣದಲ್ಲಿಯೇ ಉಳಿದಿದೆ. ಅಲ್ಲಿ ಅವಳೀಗ ಬಕೆಟ್ ಇಟ್ಟಿದ್ದಾಳೆ.