ಕೆಂಪಕ್ಕಿ ಬಿಯರ್ ಮತ್ತು 20 ಲಕ್ಷ ಲೀಟರಿನ ಬೇಲಿ

ಮೊದಲೇ ಹೇಳಿಬಿಡ್ತೀನಿ, ಇದು ಕುಡಿಯೋದನ್ನ ಹೊಗಳೋ ಲೇಖನ ಅಲ್ಲ. ಒಂದು ಬಾಟಲಿಯಿಂದ ಶುರುವಾದ ಯೋಚನೆ, ಅಷ್ಟೇ.

ಕಳೆದ ವರ್ಷ ಆಫೀಸ್ ಕೆಲಸದ ಮೇಲೆ ಟೋಕಿಯೋಗೆ ಹೋಗಿದ್ದೆ. ಅಕಿಹಾಬರಾದ ಎಲೆಕ್ಟ್ರಾನಿಕ್ಸ್ ಅಂಗಡಿಗಳನ್ನೆಲ್ಲ ಸುತ್ತಿ ಕಾಲು ಸೋತಾಗ, ಜೊತೆಗಿದ್ದ ಜಪಾನಿ ಸಹೋದ್ಯೋಗಿ ಹತ್ತಿರದ ಪುಟ್ಟ ಬಾರೊಂದಕ್ಕೆ ಕರ್ಕೊಂಡು ಹೋದರು. ಬಾಟಲಿ ಮೇಲೆ ದುಂಡು ಕಣ್ಣಿನ ಗೂಬೆ. ಹೆಸರು ಹಿಟಾಚಿನೊ ನೆಸ್ಟ್. ನಮ್ಮೂರಲ್ಲಿ ಹಿಟಾಚಿ ಅಂದ್ರೆ ಗುಡ್ಡ ಅಗೆಯೋ ಯಂತ್ರ. ಅಲ್ಲಿ ಅದು ಇಬರಾಕಿ ಪ್ರಾಂತ್ಯದ ಹಳೆ ಹೆಸರು. ಗ್ಲಾಸಿಗೆ ಸುರಿದರೆ ಗುಲಾಬಿ ಬಣ್ಣ. "ಕೆಂಪಕ್ಕಿ ಹಾಕಿ ಮಾಡಿದ್ದು" ಅಂದರು. ನಗು ಬಂತು. ದಕ್ಷಿಣ ಕನ್ನಡದವನಿಗೆ ಕೆಂಪಕ್ಕಿ ಅಂದ್ರೆ ಗಂಜಿ, ಪಕ್ಕದಲ್ಲಿ ಉಪ್ಪಿನಕಾಯಿ! ಆದರೆ ರುಚಿ ನಾನು ಕಂಡ ಯಾವ ಬಿಯರಿನ ಹಾಗೂ ಇರಲಿಲ್ಲ. ಕಹಿ ಕಡಿಮೆ, ಹಣ್ಣಿನ ಪರಿಮಳ.

ಇಷ್ಟು ಬೇರೆಯಾದದ್ದನ್ನ ಯಾರು, ಯಾಕೆ ಮಾಡಿದರು ಅಂತ ಹುಡುಕಿದೆ. ಮಾಡುವವರು ಕಿಯುಚಿ ಎಂಬ ಮನೆತನದ ಕಂಪನಿ. 1823ರಿಂದ ಅಕ್ಕಿಯ ಮದ್ಯವಾದ ಸಾಕೆ ತಯಾರಿಸುತ್ತಾ ಬಂದವರು. ಬಿಯರ್ ಶುರು ಮಾಡಿದ್ದು ಮಾತ್ರ 1996ರಲ್ಲಿ. ಹುದುಗು ಬರಿಸೋ ವಿದ್ಯೆ ತಲೆಮಾರುಗಳಿಂದ ಕೈಯಲ್ಲಿದ್ದೂ ಇಷ್ಟು ತಡ ಯಾಕೆ?

ಉತ್ತರ ಇರೋದು ಒಂದು ಸಂಖ್ಯೆಯಲ್ಲಿ. 1994ರವರೆಗೆ ಜಪಾನಿನಲ್ಲಿ ಬಿಯರ್ ಲೈಸೆನ್ಸ್ ಬೇಕಿದ್ರೆ ವರ್ಷಕ್ಕೆ ಕನಿಷ್ಠ 20 ಲಕ್ಷ ಲೀಟರ್ ತಯಾರಿಸಲೇಬೇಕಿತ್ತು. 330 ಮಿಲಿಲೀಟರಿನ ಬಾಟಲಿ ಲೆಕ್ಕ ಹಾಕಿ: ದಿನಕ್ಕೆ ಸುಮಾರು 16,600 ಬಾಟಲಿ. ಕಿರಿನ್, ಅಸಾಹಿಯಂಥ ದೊಡ್ಡವರನ್ನ ಬಿಟ್ಟರೆ ಯಾರಿಗೆ ಸಾಧ್ಯ? ಆ ವರ್ಷ ಮಿತಿಯನ್ನು 60,000 ಲೀಟರಿಗೆ ಇಳಿಸಿದರು. ಅಂದ್ರೆ ದಿನಕ್ಕೆ ಸುಮಾರು 500 ಬಾಟಲಿ. ದೇಶದ ತುಂಬ 'ಜಿಬೀರು', ಅಂದರೆ ಊರ ಬಿಯರುಗಳು ಹುಟ್ಟಿಕೊಂಡವು.

ದಿನಕ್ಕೆ ಹದಿನಾರು ಸಾವಿರ ಬಾಟಲಿ ಮಾರಬೇಕಾದವನು ಯಾರಿಗೂ ಬೇಡ ಅನ್ನಿಸದ ರುಚಿ ಮಾಡ್ತಾನೆ. ಐನೂರು ಸಾಕು ಅನ್ನುವವನು ಕೆಲವರಿಗೆ ತುಂಬಾ ಇಷ್ಟವಾಗೋದನ್ನ ಮಾಡಬಹುದು. ಕೆಂಪಕ್ಕಿ ಬಂದದ್ದು ಹಾಗೆ.

2011ರ ಭೂಕಂಪದಲ್ಲಿ ಇದೇ ಕಿಯುಚಿಯವರಿಗೆ ಕರೆಂಟ್ ಹೋಯಿತು. ಬೇಯಿಸುತ್ತಿದ್ದ ಮಾಲ್ಟು ಮೂರು ದಿನ ಹಾಗೇ ಉಳಿದು ಹುಳಿ ಬಂತು. ಚೆಲ್ಲಲಿಲ್ಲ. ಅದರಲ್ಲೇ ಬಿಯರ್ ಮಾಡಿ '3 ಡೇಸ್' ಅಂತ ಹೆಸರಿಟ್ಟು ಮಾರಿದರು.

ಮಿತಿ ಇಳಿಸಿದ ಮಾತ್ರಕ್ಕೆ ಎಲ್ಲ ಚೆನ್ನಾಗಾಯಿತು ಅಂತಲ್ಲ. ಆಗ ಶುರುವಾದ ಎಷ್ಟೋ ಘಟಕಗಳಿಗೆ ಕೆಲಸ ಗೊತ್ತಿರಲಿಲ್ಲ. ಬೆಲೆ ಜಾಸ್ತಿ, ರುಚಿ ಅಷ್ಟಕ್ಕಷ್ಟೇ. ಕೆಲವೇ ವರ್ಷಗಳಲ್ಲಿ ಹಲವು ಬಾಗಿಲು ಹಾಕಿದವು. ಉಳಿದವರು ಕೈಕೆಲಸ ಗೊತ್ತಿದ್ದವರು, ಕಲಿತುಕೊಂಡವರು. ಬಾಗಿಲು ತೆರೆಯೋದು ಕಾನೂನಿನ ಕೆಲಸ, ಒಳಗೆ ನಿಲ್ಲೋದು ನಮ್ಮ ಕೆಲಸ.

ಇದನ್ನೆಲ್ಲ ಕಾಲೇಜಿನ ಪತ್ರಿಕೆಯಲ್ಲಿ ಯಾಕೆ ಬರೀತಿದ್ದೀನಿ? ನಮ್ಮ ಫೈನಲ್ ಇಯರಿನಲ್ಲಿ ಗೆಳೆಯನೊಬ್ಬ ತನ್ನ ಅಜ್ಜನ ತೋಟಕ್ಕೆ ಅಂತ ಅಡಿಕೆ ಒಣಗಿಸೋ ಗೂಡು ಮಾಡಿದ್ದ. ರಿವ್ಯೂನಲ್ಲಿ ಬಂದ ಮೊದಲ ಪ್ರಶ್ನೆ: "ಇದು ಸ್ಕೇಲ್ ಆಗುತ್ತೇನಪ್ಪಾ?" ಒಳಗಿನ ತೇವ ಎಷ್ಟು, ಬೂಸ್ಟು ನಿಂತಿತಾ ಅಂತ ಒಬ್ಬರೂ ಕೇಳಲಿಲ್ಲ. ಅವನು ಅದನ್ನ ಅಲ್ಲೇ ಬಿಟ್ಟು ಅಟೆಂಡೆನ್ಸ್ ಆಪ್ ಮಾಡಿದ. ಆ ವರ್ಷ ನಮ್ಮ ಬ್ಯಾಚಿನಲ್ಲಿ ಒಟ್ಟು ಆರು ಅಟೆಂಡೆನ್ಸ್ ಆಪ್! ಆ ಪ್ರಶ್ನೆಯೂ ಒಂದು 20 ಲಕ್ಷ ಲೀಟರಿನ ಬೇಲಿಯೇ.

ಸ್ಕೇಲ್ ಬೇಡ ಅಂತ ನಾನು ಹೇಳ್ತಿಲ್ಲ. ಗೂಬೆ ಬಿಯರ್ ಇವತ್ತು ಹಲವು ದೇಶಗಳಲ್ಲಿ ಸಿಗುತ್ತೆ, ಅದೂ ಬೆಳೆದಿದೆ. ಆದರೆ ಮೊದಲ ರಿವ್ಯೂನಲ್ಲೇ ಅದನ್ನ ಕೇಳಬೇಡಿ. ಮೊದಲು "ಅಜ್ಜನ ತೋಟದಲ್ಲಿ ಕೆಲಸ ಮಾಡ್ತಾ?" ಅಂತ ಕೇಳಿ. ಮೇಷ್ಟ್ರುಗಳೇ, ಈ ಸಲದ ರಿವ್ಯೂನಲ್ಲಿ ಒಮ್ಮೆ ಹಾಗೆ ಕೇಳಿ ನೋಡ್ತೀರಾ?